ಕುಂಬಾರಗೇರಿಯ ಹಾಡು

ಅಥೆನ್ಸ್ ನಗರದ ವಾಯವ್ಯ ಭಾಗದಲ್ಲಿ ಕೆರಮೈಕೋಸ್ ಎಂಬ ತಗ್ಗು ಪ್ರದೇಶವಿದೆ. ಕನ್ನಡದಲ್ಲಿ ಹೇಳುವುದಾದರೆ ಅದು ಕುಂಬಾರಗೇರಿ. ಎರಿಡನೋಸ್ ಎಂಬ ಸಣ್ಣ ತೊರೆ, ಹಳೆಯ ಕೋಟೆಗೋಡೆ, ದಿಪಿಲೋನ್ ಎಂಬ ಜೋಡಿ ಹೆಬ್ಬಾಗಿಲಿನ ತಳಪಾಯ, ಸಾಲು ಸಮಾಧಿಗಳು: ಇಂದು ಅಲ್ಲಿ ಕಣ್ಣಿಗೆ ಬೀಳುವುದು ಮುಖ್ಯವಾಗಿ ಇವೇ. ಆದರೆ ಆ ನಗರದ ಹಾಡು, ಕುಣಿತ, ಕೂಟಗಳ ಚಿತ್ರವನ್ನು ಲೋಕಕ್ಕೆ ಉಳಿಸಿಕೊಟ್ಟವರು ಈ ಕೇರಿಯ ಕುಂಬಾರರು.

ದಿಪಿಲೋನ್ ಬಳಿಯ ಸಮಾಧಿಭೂಮಿಯಲ್ಲಿ 1871ರಲ್ಲಿ ಒಂದು ಹೂಜಿ ದೊರೆಯಿತು. ಅದು ಕ್ರಿಸ್ತಪೂರ್ವ 740ರ ಸುಮಾರಿನದು. ಅದರ ಮೇಲೆ ಗೀಚಿದ ಸಾಲು ಗ್ರೀಕ್ ಲಿಪಿಯ ಅತಿ ಹಳೆಯ ಬರಹಗಳಲ್ಲೊಂದು. ಅದು ಅರಸನ ಶಾಸನವಲ್ಲ, ವ್ಯಾಪಾರದ ಲೆಕ್ಕವೂ ಅಲ್ಲ; ಎಲ್ಲರಿಗಿಂತ ಹಗುರವಾಗಿ ಕುಣಿಯುವ ನರ್ತಕನನ್ನು ಕುರಿತ ಮಾತು. ಹೂಜಿಯೇ ಅವನಿಗೆ ಸಲ್ಲಬೇಕಾದ ಬಹುಮಾನವೆಂದು ವಿದ್ವಾಂಸರು ತಿಳಿಯುತ್ತಾರೆ.

ಎರಡು ಶತಮಾನಗಳ ಬಳಿಕ, ಕ್ರಿಸ್ತಪೂರ್ವ 520ರ ಸುಮಾರಿಗೆ, ಅಥೆನ್ಸಿನ ಕುಶಲಕರ್ಮಿಗಳು ಹೊಸ ವಿಧಾನವೊಂದನ್ನು ಕಂಡುಕೊಂಡರು. ಹಿನ್ನೆಲೆಗೆ ನುಣ್ಣನೆಯ ಮಣ್ಣಿನ ತಿಳಿಯನ್ನು ಬಳಿದರೆ ಸುಟ್ಟಾಗ ಅದು ಕಪ್ಪಾಗುತ್ತಿತ್ತು. ಬಳಿಯದೆ ಬಿಟ್ಟ ಆಕೃತಿಗಳು ಕೆಂಪಾಗಿ ಉಳಿಯುತ್ತಿದ್ದವು. ಆ ಕೆಂಪು ಮೈಗಳ ಮೇಲೆ ಕುಂಚದಿಂದ ಬೆರಳು, ತಂತಿ, ಬಟ್ಟೆಯ ನೆರಿಗೆಗಳನ್ನು ಬಿಡಿಸುವುದು ಸುಲಭವಾಯಿತು. ದ್ರಾಕ್ಷಾರಸಕ್ಕೆ ನೀರು ಬೆರೆಸುವ ದೊಡ್ಡ ಪಾತ್ರೆಗಳ ಮೇಲೂ ಬಟ್ಟಲುಗಳ ಮೇಲೂ ಪಾನಗೋಷ್ಠಿಗಳು ಮೂಡಿದವು. ಗೋಷ್ಠಿ ಮುಗಿದ ಮೇಲೆ ಮತ್ತರಾದವರು ವಾದ್ಯಗಳೊಡನೆ ಬೀದಿಗಿಳಿಯುವ ಮೆರವಣಿಗೆಗೆ ಕೋಮೋಸ್ ಎಂದು ಹೆಸರು. ಅದರಲ್ಲಿ ಜೋಡಿ ಕೊಳವೆಗಳ ಔಲೋಸ್ ಊದುವವರಿದ್ದಾರೆ, ಉದ್ದ ತೋಳಿನ ಬಾರ್ಬಿಟೋಸ್ ಎಂಬ ತಂತಿವಾದ್ಯ ನುಡಿಸುವವರಿದ್ದಾರೆ. ಕುಡಿದು ವಾಂತಿ ಮಾಡುವವನ ತಲೆಯನ್ನು ಹಿಡಿದು ನಿಂತವಳನ್ನೂ ಚಿತ್ರಕಾರ ಮರೆಮಾಚಿಲ್ಲ.

ಇಂತಹ ಪಾತ್ರೆಗಳು ಕಡಲು ದಾಟಿ ಇಟಲಿಗೂ ಸಿಸಿಲಿಗೂ ಹೋದವು. ಸಿಸಿಲಿಯ ಅಗ್ರಿಜೆಂಟೋದಲ್ಲಿ ದೊರೆತ ಒಂದು ಪಾತ್ರೆ ಈಗ ಜರ್ಮನಿಯ ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಲೆಸ್ಬೋಸ್ ದ್ವೀಪದ ಕವಿಗಳಾದ ಆಲ್ಕೇಯಸ್ ಮತ್ತು ಸಾಫೋ ಅದರಲ್ಲಿ ಬಾರ್ಬಿಟೋಸ್ ಹಿಡಿದು ನಿಂತಿದ್ದಾರೆ. ಇಬ್ಬರ ಹೆಸರನ್ನೂ ಬರೆಯಲಾಗಿದೆ. ಆಲ್ಕೇಯಸ್ ತಲೆ ಬಾಗಿಸಿ ಹಾಡುತ್ತಿದ್ದಾನೆ. ಸಾಫೋ ಅವನತ್ತ ತಿರುಗಿ ನೋಡುತ್ತಿದ್ದಾಳೆ.

ಅವರ ಕವಿತೆಗಳಲ್ಲಿ ಬಹುಪಾಲು ನಶಿಸಿದೆ. ಅವರು ಹಾಡಿದ ರಾಗಗಳಂತೂ ಒಂದೂ ಉಳಿದಿಲ್ಲ. ಆದರೆ ಆಲ್ಕೇಯಸನ ಬಾಯಿಂದ ಐದು ಪುಟ್ಟ ಅಕ್ಷರಗಳು ಹೊರಟಿವೆ. ಐದೂ ‘ಒ’ಕಾರಗಳೇ. ಹಾಡನ್ನು ಮಣ್ಣಿನಲ್ಲಿ ಹಿಡಿದಿಡಲು ಚಿತ್ರಕಾರನಿಗೆ ದೊರೆತ ದಾರಿ ಅದೊಂದೇ. ಸುಮಾರು 2,500 ವರ್ಷಗಳಾದರೂ ಆ ಐದು ದುಂಡಕ್ಷರಗಳು ಅಳಿಸಿಲ್ಲ.