ಬಾದಶಹನಿಗೂ ವರ್ಗ

ಊರಿನಿಂದ ಹಿರಿಯರು ಬಂದಾಗಲೇ ನಮ್ಮಂಥ ಗುಮಾಸ್ತರಿಗೆ ದೆಹಲಿಯ ದರ್ಶನಭಾಗ್ಯ! ಈ ಸಲ ಧಾರವಾಡದಿಂದ ಅವ್ವ ಬಂದಿದ್ದಳು. ವರ್ಗವಾಯಿತೆಂದು ನಾವು ಊರು ಬಿಟ್ಟುದನ್ನು ಆಕೆ ಇನ್ನೂ ಮನ್ನಿಸಿರಲಿಲ್ಲ.

ಮೊದಲ ದಿನ ಕೆಂಪುಕೋಟೆ. ಷಹಜಹಾನನು ಆಗ್ರಾದಿಂದ ರಾಜಧಾನಿಯನ್ನು ಬದಲಿಸಿ, 1648ರಲ್ಲಿ ಇದನ್ನು ಕಟ್ಟಿ ಮುಗಿಸಿದನೆಂದು ಹೇಳಿದೆವು. ರವಿವಾರ ನಸುಕಿನಲ್ಲೇ ಹೊರಟು ಆಗ್ರಾದ ತಾಜಮಹಲನ್ನು ನೋಡಿ, ಅಲ್ಲಿಂದ ಸುಮಾರು 37 ಕಿಲೋಮೀಟರು ದೂರದ ಫತೇಪುರ ಸಿಕ್ರಿಗೆ ಹೋದೆವು. ಅಕಬರನು 1571ರ ಸುಮಾರಿಗೆ ಕಟ್ಟಿಸತೊಡಗಿದ ರಾಜಧಾನಿಯದು. 1585ರಲ್ಲಿ ಆತ ಲಾಹೋರಿಗೆ ಹೊರಟುಹೋದ.

ಐದಂತಸ್ತಿನ ಪಂಚಮಹಲನ್ನು ನೋಡುತ್ತ ಅವ್ವ ಕೇಳಿದಳು: “ಬಾದಶಹಾಗೂ ವರ್ಗಾ ಆತೇನಪಾ?”

ನಾವು ನಕ್ಕೆವು. ಆಕೆ ನಗಲಿಲ್ಲ. “ಇಷ್ಟೆಲ್ಲಾ ಕಟ್ಟಿಸಿದಾವನ ಬಿಟ್ಟುಹೋದ. ನೀವು ಇದ್ದಲ್ಲೇ ಛಲೋತ್ನಂಗ ಇರ್ರಿ” ಎಂದಳು.

ವಾಚಕರೇ, ಮನೆಗೆ ಬಂದ ಹಿರಿಯರಿಗೆ ತಾಜಮಹಲೊಂದನ್ನೇ ತೋರಿಸಿ ಕಳುಹಬೇಡಿರಿ, ಸಿಕ್ರಿಗೂ ಕರೆದೊಯ್ಯಿರಿ.