ಬೊಂಬೆಗೂ ಬೇಕು ಸೆಂಟ್ರಿಂಗ್

ಶನಿವಾರದ ಬೆಳಗಿನ ತರಗತಿಗಳು ಮುಗಿದು ಶಾಲೆ ಖಾಲಿಯಾಗಿತ್ತು. ಪ್ರಯೋಗಶಾಲೆಯ ಮೂಲೆಯಿಂದ ಮಾತ್ರ ಸುಯ್ ಸುಯ್ ಎಂಬ ಸದ್ದು ಬರುತ್ತಲೇ ಇತ್ತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಸ್ಟೂಲಿನ ಮೇಲೆ ಕುಳಿತು, ಒಲೆಯ ಮೇಲಿನ ಹಾಲು ಕಾಯುವವರಂತೆ ಕಣ್ಣು ಕೀಳದೆ ಯಂತ್ರವೊಂದನ್ನು ನೋಡುತ್ತಿದ್ದ. ಪಕ್ಕದಲ್ಲಿ ಅವನ ಇಬ್ಬರು ಗೆಳೆಯರು, ತುಸು ದೂರದಲ್ಲಿ ಲ್ಯಾಬಿನ ಜವಾಬ್ದಾರಿ ಹೊತ್ತ ಮೇಡಂ. ಯಂತ್ರದೊಳಗೆ ಬೊಂಬೆಯೊಂದು ಹುಟ್ಟುತ್ತಿತ್ತು. ಪಾದ ಬಂದಿತ್ತು, ಮೊಣಕಾಲು ಬಂದಿತ್ತು, ಸೊಂಟ ದಾಟಿ ಎದೆ ಮೇಲೇಳುತ್ತಿತ್ತು. ಇನ್ನು ಬರಬೇಕಾದದ್ದು ಮುಂದಕ್ಕೆ ಚಾಚಿದ ಬಲಗೈ. ಆ ಕೈ ಇಲ್ಲದಿದ್ದರೆ ಬೊಂಬೆಗೆ ಅರ್ಥವೇ ಇಲ್ಲ. ಏಕೆಂದರೆ ಅದು ಸ್ಪೈಡರ್ ಮ್ಯಾನ್. ಬಲೆ ಹೊಮ್ಮುವುದೇ ಮಣಿಕಟ್ಟಿನಿಂದ.

ಸ್ಪೈಡರ್ ಮ್ಯಾನ್ ಗೊತ್ತಿಲ್ಲದ ಮಕ್ಕಳಿಲ್ಲ. ಗೊತ್ತಿಲ್ಲದ ಅಪ್ಪ ಅಮ್ಮಂದಿರು ಇರಬಹುದು. ಅವರಿಗಾಗಿ ಎರಡು ಮಾತು. 1962ರಲ್ಲಿ ಅಮೆರಿಕದ ‘ಅಮೇಜಿಂಗ್ ಫ್ಯಾಂಟಸಿ’ ಎಂಬ ಚಿತ್ರಕಥೆಗಳ ಪತ್ರಿಕೆಯ 15ನೇ ಸಂಚಿಕೆಯಲ್ಲಿ ಈತ ಮೊದಲು ಕಾಣಿಸಿಕೊಂಡ. ಕಥೆ ಸ್ಟ್ಯಾನ್ ಲೀ ಅವರದು, ಚಿತ್ರ ಸ್ಟೀವ್ ಡಿಟ್ಕೊ ಅವರದು. ಪೀಟರ್ ಪಾರ್ಕರ್ ಎಂಬ ತಬ್ಬಲಿ ಹುಡುಗ, ಹೈಸ್ಕೂಲು ವಿದ್ಯಾರ್ಥಿ. ವಿಕಿರಣಕ್ಕೆ ಒಳಗಾದ ಜೇಡವೊಂದು ಕಚ್ಚಿ ಅವನಿಗೆ ಜೇಡದ ಶಕ್ತಿ ಬರುತ್ತದೆ. ಆದರೆ ಬಲೆ ಎಸೆಯುವ ಸಾಧನವನ್ನು ಮಾತ್ರ ಅವನು ತನ್ನ ವಿಜ್ಞಾನದ ತಿಳಿವಳಿಕೆಯಿಂದ ತಾನೇ ಮಾಡಿಕೊಳ್ಳುತ್ತಾನೆ. ಮುಖ ಪೂರ್ತಿ ಮುಚ್ಚುವ ಮುಸುಕು ತೊಡುತ್ತಾನೆ. ತನ್ನನ್ನು ಸಾಕಿದ ದೊಡ್ಡಮ್ಮನಿಗೂ ತಾನು ಯಾರೆಂದು ಹೇಳುವುದಿಲ್ಲ. ಹೇಳಿದರೆ ಶತ್ರುಗಳಿಂದ ಆಕೆಗೆ ಅಪಾಯ ಬಂದೀತೆಂಬ ಭಯ.

ನಮ್ಮ ಹುಡುಗನಿಗೂ ಒಂದು ಮುಸುಕಿತ್ತು. ಅದರ ಸಂಗತಿ ಆಮೇಲೆ.

ಮೊದಲು ಯಂತ್ರದ ವಿಚಾರ. ಬೊಂಬೆ ಮಾಡುವ ದಾರಿಗಳಲ್ಲಿ ಎರಡು ಬಗೆ. ಚನ್ನಪಟ್ಟಣದ ಕುಶಲಕರ್ಮಿ ಮರವನ್ನು ಕಡೆದು ಬೇಡದ್ದನ್ನು ತೆಗೆಯುತ್ತಾನೆ; ಉಳಿದದ್ದು ಬೊಂಬೆ. ಗಣೇಶನನ್ನು ಮಾಡುವ ಕುಂಬಾರ ಮಣ್ಣಿನ ಮೇಲೆ ಮಣ್ಣು ಮೆತ್ತುತ್ತಾನೆ, ಸೇರಿದ್ದೆಲ್ಲ ಬೊಂಬೆ. ತ್ರೀಡಿ ಪ್ರಿಂಟರ್ ಎಂಬ ಈ ಮೂರು ಆಯಾಮಗಳ ಮುದ್ರಣಯಂತ್ರ ಕುಂಬಾರನ ಜಾತಿಗೆ ಸೇರಿದ್ದು. ಮೆಕ್ಕೆಜೋಳದ ಪಿಷ್ಟ, ಕಬ್ಬಿನ ಸಕ್ಕರೆ ಮುಂತಾದವುಗಳಿಂದ ತಯಾರಿಸಿದ ಒಂದು ಬಗೆಯ ಪ್ಲಾಸ್ಟಿಕ್ ದಾರ, 1.75 ಮಿಲಿಮೀಟರ್ ದಪ್ಪದ್ದು, ಸುರುಳಿಯಿಂದ ಬಿಚ್ಚಿಕೊಳ್ಳುತ್ತಾ ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾದ ಮೂತಿಯೊಳಗೆ ಹೋಗುತ್ತದೆ. ಕರಗಿ 0.4 ಮಿಲಿಮೀಟರ್ ರಂಧ್ರದಿಂದ ಶಾವಿಗೆ ಒರಳಿನ ಎಳೆಯಂತೆ ಹೊರಬರುತ್ತದೆ. ಕಂಪ್ಯೂಟರು ಬೊಂಬೆಯ ನಕ್ಷೆಯನ್ನು 0.2 ಮಿಲಿಮೀಟರ್ ದಪ್ಪದ ಪದರಗಳಾಗಿ ಮೊದಲೇ ಸೀಳಿಟ್ಟಿರುತ್ತದೆ. ಒಂದು ಪದರ ಎಳೆದು, ಅದು ಆರಿ ಗಟ್ಟಿಯಾಗುತ್ತಿದ್ದಂತೆ ಅದರ ಮೇಲೆ ಇನ್ನೊಂದು. 15 ಸೆಂಟಿಮೀಟರ್ ಎತ್ತರದ ಬೊಂಬೆಗೆ ಎಷ್ಟು ಪದರ? ಮಕ್ಕಳು ಭಾಗಾಕಾರ ಮಾಡಿ ನೋಡಲಿ: 750.

ಈ ವಿಧಾನದ ಹುಟ್ಟಿನಲ್ಲೇ ಒಂದು ಬೊಂಬೆಯಿದೆ, ಒಬ್ಬ ತಂದೆಯೂ ಇದ್ದಾನೆ. 1988ರ ಸುಮಾರಿಗೆ ಅಮೆರಿಕದ ಎಂಜಿನಿಯರ್ ಸ್ಕಾಟ್ ಕ್ರಂಪ್ ತನ್ನ ಪುಟ್ಟ ಮಗಳಿಗೆ ಆಟದ ಕಪ್ಪೆಯೊಂದನ್ನು ಮಾಡಿಕೊಡಲು ಹೊರಟರು. ಬಿಸಿ ಅಂಟು ಸುರಿಸುವ ಗ್ಲೂ ಗನ್ನಿನಲ್ಲಿ ಪ್ಲಾಸ್ಟಿಕ್ಕು ಮತ್ತು ಮೇಣದ ಮಿಶ್ರಣ ತುಂಬಿ, ಪದರ ಪದರವಾಗಿ ಸುರಿದು ಕಪ್ಪೆ ಕಟ್ಟಿದರು. ಕೈಯಿಂದ ಆದದ್ದನ್ನು ಯಂತ್ರದಿಂದ ಏಕೆ ಮಾಡಿಸಬಾರದು ಎಂಬ ಯೋಚನೆ ಬೆಳೆದು 1992ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. 2005ರಲ್ಲಿ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್, ಇಂಥ ಯಂತ್ರವನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ವಿನ್ಯಾಸವನ್ನು ಮುಕ್ತವಾಗಿ ಹಂಚುವ ಯೋಜನೆ ಆರಂಭಿಸಿದರು. 2009ರಲ್ಲಿ ಕ್ರಂಪ್ ಅವರ ಪೇಟೆಂಟಿನ ಅವಧಿ ಮುಗಿಯಿತು, ಬೆಲೆ ಇಳಿಯಿತು. ನಮ್ಮಲ್ಲಿ 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಿಂದ ಯಂತ್ರ ಶಾಲೆಗಳಿಗೂ ಬಂತು. ಮಗಳ ಕಪ್ಪೆ ಹೀಗೆ ಜಿಗಿಯುತ್ತಾ ಜಿಗಿಯುತ್ತಾ ತಾಲ್ಲೂಕು ಕೇಂದ್ರದ ಪ್ರೌಢಶಾಲೆಯ ಮೂಲೆಗೆ ಬಂದು ಕುಳಿತಿತು.

ಹುಡುಗ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಈ ಬೊಂಬೆಗೆ ಕೈಹಾಕಿದ್ದ. ಯಾರೋ ರಚಿಸಿ ಉಚಿತವಾಗಿ ಹಂಚಿದ ನಕ್ಷೆ ಸಿಕ್ಕಿತ್ತು. ಕಂಪ್ಯೂಟರು ಬೊಂಬೆಯ ಕೆಳಗೆಲ್ಲ ಸಣ್ಣ ಸಣ್ಣ ಆಧಾರದ ಕಡ್ಡಿಗಳನ್ನು ತೋರಿಸಿ, ಇವು ಬೇಕೇ ಎಂದು ಕೇಳಿತ್ತು. ತನ್ನ ವೀರ ಪಂಜರದಲ್ಲಿ ಸಿಕ್ಕಿಬಿದ್ದಂತೆ ಕಂಡದ್ದು ಹುಡುಗನಿಗೆ ಹಿಡಿಸಲಿಲ್ಲ. ಕಡ್ಡಿಗಳಿದ್ದರೆ 9 ಗಂಟೆ, ಇಲ್ಲದಿದ್ದರೆ 7 ಗಂಟೆ. ಬೇಡವೆಂದು ಒತ್ತಿಬಿಟ್ಟ. ಮೇಡಂಗೂ ಯಂತ್ರ ಹೊಸದು. ನೋಡೋಣ ಎಂದು ಸುಮ್ಮನಾದರು.

ಅದೇ ದಿನ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ಹುಡುಗ ಅದರ ಚೀಟಿಯನ್ನು ಮನೆಯಲ್ಲಿ ತೋರಿಸಿರಲಿಲ್ಲ. ಗಣಿತದ ಪುಸ್ತಕದ ನಡುವೆ ಅದು ವಾರದಿಂದ ಮಲಗಿತ್ತು. ಕಾರಣ ಇಷ್ಟೆ: ತನ್ನ ತಂದೆ ಬಿಲ್ಡಿಂಗ್ ಎಂಜಿನಿಯರ್ ಎಂದು ಅವನು ತರಗತಿಯಲ್ಲಿ ಹೇಳಿಕೊಂಡಿದ್ದ. ಬಿಲ್ಡಿಂಗ್ ಎಂಬುದೇನೋ ನಿಜವೇ ಆಗಿತ್ತು. ತಂದೆ ಸೆಂಟ್ರಿಂಗ್ ಕೆಲಸದವರು. ಮನೆಗಳಿಗೆ ಮೋಲ್ಡ್ ಹಾಕುವ ಮೊದಲು ನೀಲಗಿರಿ ಕಂಬ ನಿಲ್ಲಿಸಿ, ಹಲಗೆ ಶೀಟು ಜೋಡಿಸಿ, ಕಾಂಕ್ರೀಟು ಗಟ್ಟಿಯಾದ ಮೇಲೆ ಎಲ್ಲವನ್ನೂ ಬಿಚ್ಚಿಕೊಂಡು ಮುಂದಿನ ಮನೆಗೆ ಹೋಗುವ ಕೆಲಸ.

ಸಭೆಯ ಸುದ್ದಿಯನ್ನು ಪಕ್ಕದ ಮನೆಯ ಹುಡುಗಿ ಹೇಳಿಬಿಟ್ಟಿದ್ದಳು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಸಭೆ ಮುಗಿದು ಎಲ್ಲರೂ ಹೋದ ಮೇಲೆ, ತಂದೆ ಕೆಲಸದಿಂದ ನೇರವಾಗಿ ಬಂದರು. ಕೂದಲಲ್ಲಿ ಸಿಮೆಂಟಿನ ಪುಡಿ, ಅಂಗಿಯ ಮೇಲೆ ಎಣ್ಣೆಯ ಕಲೆ. ಪ್ರಯೋಗಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, “ಲೇಟಾಯ್ತು ಮೇಡಂ, ನಾನು ಇವನ ತಂದೆ” ಎಂದರು.

ಗೆಳೆಯರಲ್ಲೊಬ್ಬ ಮೇಲಿಂದ ಕೆಳಗೆ ನೋಡಿ, “ಇವರೇನೋ ನಿಮ್ಮಪ್ಪ? ಎಂಜಿನಿಯರ್ ಅಂದಿದ್ದೆ?” ಎಂದ.

ಮಾತು ಎಲ್ಲರಿಗೂ ಕೇಳಿಸಿತು. ಹುಡುಗ ತಲೆಯೆತ್ತಲಿಲ್ಲ. ತಂದೆ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ನಗುತ್ತಾ, “ಎಂಜಿನಿಯರ್ ಸಾಹೇಬರ ಜೊತೇಲೇ ಕಣಪ್ಪ ನನ್ನ ಕೆಲಸ” ಎಂದರು. ಮಗನ ಸುಳ್ಳಿನ ಕೆಳಗೆ ಅಪ್ಪ ಸದ್ದಿಲ್ಲದೆ ಒಂದು ಕಂಬ ಕೊಟ್ಟಿದ್ದರು.

ಯಂತ್ರ ಆ ಹೊತ್ತಿಗೆ ತೋಳಿನ ಬಳಿ ಬಂದಿತ್ತು. ಎದೆಯಿಂದ ಹೊರಕ್ಕೆ ಬಿಸಿ ಎಳೆಯೊಂದನ್ನು ಎಳೆಯಿತು, ಎಳೆ ಜೋತುಬಿತ್ತು. ಮತ್ತೊಂದು ಎಳೆಯಿತು, ಅದೂ ಜೋತುಬಿತ್ತು. ಐದು ನಿಮಿಷದಲ್ಲಿ ವೀರನ ಬಲಗೈಯ ಜಾಗದಲ್ಲಿ ಶಾವಿಗೆಯ ಗಂಟು. ಮೇಡಂ ಯಂತ್ರ ನಿಲ್ಲಿಸಿದರು. ಹುಡುಗನ ಕಣ್ಣಲ್ಲಿ ನೀರು. ಅದು ಬೊಂಬೆಗೋ ಅಪ್ಪನಿಗೋ ಅವನಿಗೇ ತಿಳಿಯಲಿಲ್ಲ.

ತಂದೆ ಹತ್ತಿರ ಬಂದು ಬಗ್ಗಿ ನೋಡಿದರು. “ಕೆಳಗೆ ಸೆಂಟ್ರಿಂಗೇ ಇಲ್ವಲ್ಲ ಮೇಡಂ, ಕೈ ಹೇಗೆ ನಿಲ್ಲುತ್ತೆ? ಮೋಲ್ಡ್ ಆಗಲಿ ಬೊಂಬೆ ಆಗಲಿ, ಹಸಿ ಇರೋದು ಗಾಳೀಲಿ ನಿಲ್ಲೋದಿಲ್ಲ.”

ಮೇಡಂ ಕಂಪ್ಯೂಟರಿನಲ್ಲಿ ಆ ಕಡ್ಡಿಗಳ ಚಿತ್ರ ತೋರಿಸಿದರು. ತಂದೆ ಬೆರಳಿಟ್ಟು ಹೇಳುತ್ತಾ ಹೋದರು. “ಕಾಲಿಗೆ ಇಷ್ಟೊಂದು ಬೇಡ, ಅದು ಕೆಳಗಿಂದಲೇ ಎದ್ದು ಬರುತ್ತೆ. ಕೈಗೆ ಬೇಕೇ ಬೇಕು. ಗದ್ದಕ್ಕೆ ಒಂದೆರಡು. ಬೆನ್ನು ಸಾಲಾಗಿ ಇಟ್ಟಿಗೆ ಮುಂದೆ ಮುಂದೆ ಜರುಗಿಸಿದ ಹಾಗೆ ವಾಲಿದೆ, ತಡೀಬಹುದು.”

ಮೇಡಂ ಬೆರಗಾದರು. ತರಬೇತಿಯಲ್ಲಿ ಅವರಿಗೆ ಹೇಳಿಕೊಟ್ಟ ನಿಯಮವೂ ಅದೇ. ವಾಲುವಿಕೆ ಲಂಬದಿಂದ 45 ಡಿಗ್ರಿಯೊಳಗಿದ್ದರೆ ಆಧಾರ ಬೇಡ. ಲೆಕ್ಕ ಸುಲಭ: 45 ಡಿಗ್ರಿಯಲ್ಲಿ 0.2 ಮಿಲಿಮೀಟರ್ ಮೇಲೇರಿದರೆ 0.2 ಮಿಲಿಮೀಟರ್ ಮುಂದೆ ಬಂದಂತೆ. ಎಳೆಯ ಅಗಲ 0.4, ಅಂದರೆ ಅರ್ಧ ಎಳೆ ಕೆಳಗಿನ ಪದರದ ಮೇಲೇ ಕುಳಿತಿರುತ್ತದೆ. ಅದಕ್ಕಿಂತ ಹೆಚ್ಚು ಚಾಚಿದರೆ ನೆಲೆ ತಪ್ಪುವ ಭಯ. ಡಿಗ್ರಿ ಎಂಬ ಶಬ್ದ ಬಳಸದೆ ಅದನ್ನು ಬಲ್ಲವರೊಬ್ಬರು ಬರಿಗಾಲಲ್ಲಿ ಅಲ್ಲಿ ನಿಂತಿದ್ದರು.

ಸೋಮವಾರ ಬೆಳಗ್ಗೆ ಎಂಟಕ್ಕೆ ಮತ್ತೆ ಯಂತ್ರ ಹೊರಟಿತು. ಪುಣ್ಯಕ್ಕೆ ಕರೆಂಟು ಹೋಗಲಿಲ್ಲ. ಸಂಜೆ ಐದಕ್ಕೆ ಕಡ್ಡಿಗಳ ಕಾಡಿನ ನಡುವೆ ಕೈಚಾಚಿದ ಸ್ಪೈಡರ್ ಮ್ಯಾನ್ ನಿಂತಿದ್ದ. ಹುಡುಗ ಅದನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದ.

ರಾತ್ರಿ ಊಟವಾದ ಮೇಲೆ ಅಪ್ಪ ಮಗ ದೀಪದ ಕೆಳಗೆ ಕುಳಿತರು. ಹುಡುಗ ಭುಜದ ಹತ್ತಿರದ ಕಡ್ಡಿಗೆ ಕೈಹಾಕಿದ. ಅಪ್ಪ ತಡೆದರು. “ತುದಿಯಿಂದ ಬಾ. ಸಜ್ಜಾ ಗೋಡೇನ ಹಿಡ್ಕೊಂಡು ನಿಂತಿರುತ್ತೆ. ತುದಿ ಕಂಬ ಮೊದಲು ತೆಗೆದು ಗೋಡೆ ಕಡೆಗೆ ಬರಬೇಕು. ಗೋಡೆ ಹತ್ತಿರದ್ದು ಮೊದಲು ತೆಗೆದರೆ ಭಾರ ಹೋಗಿ ತುದಿ ಕಂಬದ ಮೇಲೆ ಕೂತು, ಬಿರುಕು ಬಿಡುತ್ತೆ.” ಒಂದೇ ಕಡೆ ಆಸರೆಯಿರುವ ಸಜ್ಜಾದಲ್ಲಿ ಮೇಲ್ಮೈ ಎಳೆತಕ್ಕೆ ಸಿಕ್ಕುತ್ತದೆ, ಅದಕ್ಕೇ ಅದರ ಕಬ್ಬಿಣವೂ ಮೇಲ್ಭಾಗದಲ್ಲಿರುತ್ತದೆ. ತುದಿಯಲ್ಲಿ ಮಾತ್ರ ಕಂಬ ಉಳಿದರೆ ನಡುಭಾಗ ಕೆಳಗೆ ಬಾಗಿ, ಕಬ್ಬಿಣವಿಲ್ಲದ ಕಡೆ ಎಳೆತ ಬೀಳುತ್ತದೆ. ಎಂಜಿನಿಯರಿಂಗ್ ಪುಸ್ತಕದಲ್ಲಿರುವ ಈ ಪಾಠವನ್ನು ಅಪ್ಪ ತಮ್ಮ ಮೇಸ್ತ್ರಿಯಿಂದ ಕಲಿತಿದ್ದರು.

ಬೆರಳ ತುದಿಯಿಂದ ಭುಜದ ಕಡೆಗೆ ಒಂದೊಂದೇ ಕಡ್ಡಿ ಕಳಚಿತು. ಅರ್ಧ ಕೆಲಸ ಆಗಿರುವಾಗ ಹುಡುಗ, “ಅಪ್ಪ, ಅವತ್ತು ನಾನು…” ಎಂದು ಶುರು ಮಾಡಿದ.

“ಆ ಇಕ್ಕಳ ಕೊಡು ಇಲ್ಲಿ” ಎಂದರು ಅಪ್ಪ.

ಕೈ ನಿಂತಿತು. ಕೆಳಗೆ ಕಡ್ಡಿಗಳ ಸಣ್ಣ ಗುಡ್ಡೆ. ಮರುದಿನ ಲ್ಯಾಬಿನಲ್ಲಿ ತೂಗಿದಾಗ ಬೊಂಬೆ 43 ಗ್ರಾಂ, ಕಡ್ಡಿಗಳು 19 ಗ್ರಾಂ. ಹುಡುಗ ಎರಡನ್ನೂ ಬರೆದುಕೊಂಡ.

ಮಕ್ಕಳು ಹೆತ್ತವರ ಕಸುಬನ್ನು ಮುಚ್ಚಿಡುವುದು ಹೊಸದಲ್ಲ. ಪೀಟರ್ ಪಾರ್ಕರ್ ತನ್ನವರನ್ನು ಕಾಪಾಡಲು ಮುಸುಕು ತೊಟ್ಟ. ಈ ಮಕ್ಕಳು ತೊಡುವ ಮುಸುಕು ತಮ್ಮವರಿಂದಲೇ ಅಡಗಿಕೊಳ್ಳಲು. ತಪ್ಪು ಮಕ್ಕಳದಷ್ಟೇ ಅಲ್ಲ. “ಓದದಿದ್ದರೆ ಗಾರೆ ಕೆಲಸಕ್ಕೆ ಹೋಗಬೇಕಾಗುತ್ತೆ” ಎಂದು ಹೆದರಿಸುವ ಹಿರಿಯರು, ಮಗುವಿಗೆ ಗಾರೆ ಕೆಲಸದವರ ಬಗ್ಗೆ ಏನು ಕಲಿಸುತ್ತಿದ್ದೇವೆಂದು ಯೋಚಿಸಬೇಕು. ಆ ಮಾತು ಕೇಳುವ ತರಗತಿಯಲ್ಲಿ ಗಾರೆ ಕೆಲಸದವರ ಮಕ್ಕಳೂ ಕುಳಿತಿರುತ್ತಾರೆ.

ಪ್ರದರ್ಶನದಲ್ಲಿ ಬಹುಮಾನ ನೀರು ಶುದ್ಧೀಕರಿಸುವ ಮಾದರಿಗೆ ಹೋಯಿತು. ಆದರೆ ಸ್ಪೈಡರ್ ಮ್ಯಾನ್ ಮುಂದೆ ಜನ ಕಡಿಮೆಯಿರಲಿಲ್ಲ. ಬೊಂಬೆಯ ಪಕ್ಕದಲ್ಲಿ, ಸಣ್ಣ ತಟ್ಟೆಯಲ್ಲಿ, ಆ 19 ಗ್ರಾಂ ಕಡ್ಡಿಗಳೂ ಇದ್ದವು. ಹಿಂದಿನ ಚಾರ್ಟಿನಲ್ಲಿ ವಾಡಿಕೆಯಂತೆ ‘ಮಾರ್ಗದರ್ಶನ’ ಎಂಬ ಸಾಲು. ಅಲ್ಲಿ ಮೇಡಂ ಹೆಸರಿನ ಕೆಳಗೆ ಹುಡುಗ ತಂದೆಯ ಹೆಸರನ್ನೂ ದುಂಡಾಗಿ ಬರೆದು, ಮುಂದೆ ‘ಸೆಂಟ್ರಿಂಗ್ ಕೆಲಸ’ ಎಂದು ಸೇರಿಸಿದ್ದ. ಅಂದು ಪ್ರಶ್ನೆ ಕೇಳಿದ ಗೆಳೆಯನೇ ಬಂದವರಿಗೆಲ್ಲ ಸಜ್ಜಾದ ಲೆಕ್ಕ ವಿವರಿಸುತ್ತಿದ್ದ.

ತಂದೆ ಬರಲಾಗಲಿಲ್ಲ, ಅಂದು ಒಂದು ಮನೆಯ ಮೋಲ್ಡ್ ಇತ್ತು. ಸಂಜೆ ಕೈಕಾಲು ತೊಳೆದು ಬಂದವರು ಗೋಡೆಗೆ ಒರಗಿಸಿದ್ದ ಚಾರ್ಟನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಕೊನೆಯ ಸಾಲಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತಾಯಿತು. ಆಮೇಲೆ ಮಗನ ಕಡೆ ತಿರುಗಿ ಕೇಳಿದರು:

“ಕೈ ಬೀಳಲಿಲ್ಲ ತಾನೆ?”