ಕರೆಂಟು ಹೋದಾಗ ಕೇಳುವ ರೇಡಿಯೊ

ಮೀಡಿಯಂ ವೇವ್ ಕೇಳುವ ಹುಚ್ಚು ಹತ್ತಿದವರಿಗೆ ಲೋಡ್‌ಶೆಡ್ಡಿಂಗ್ ಅಂದರೆ ಹಬ್ಬ. ಬೀದಿಯ ದೀಪಗಳು ಆರಿದೊಡನೆ ಬ್ಯಾಟರಿ ರೇಡಿಯೊದೊಳಗಿನ ಗೊರಗೊರ ಸದ್ದು ಇಳಿದುಹೋಗುತ್ತದೆ. ಅದರ ಅಡಿಯಲ್ಲಿ ಹೂತುಹೋಗಿದ್ದ ದನಿಗಳು ಒಂದೊಂದಾಗಿ ಮೇಲೇಳುತ್ತವೆ. 720 ಕಿಲೋಹರ್ಟ್ಸ್‌ನಲ್ಲಿ ಚೆನ್ನೈ, 738ರಲ್ಲಿ ಹೈದರಾಬಾದು, 936ರಲ್ಲಿ ತಿರುಚ್ಚಿ, ಇವನ್ನೆಲ್ಲ ನಾನು ಮೈಸೂರಿನ ಕತ್ತಲಲ್ಲಿ ಹೀಗೆಯೇ ಕೇಳಿದ್ದು. ಎದುರುಮನೆಯ ಯುಪಿಎಸ್ ಬ್ಯಾಟರಿಯೂ ಬರಿದಾಗುವಷ್ಟು ಹೊತ್ತು ಕರೆಂಟು ಹೋದರಂತೂ ಇನ್ನೂ ಸೊಗಸು.

ಈ ದೂರದ ಊರುಗಳು ಹಗಲಲ್ಲಿ ಸಿಗುವುದಿಲ್ಲ, ಅದಕ್ಕೆ ಸೂರ್ಯನೇ ಕಾರಣ. ನೆಲದಿಂದ ಅರವತ್ತರಿಂದ ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ ಬಿಸಿಲು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಒಂದು ಪದರ ಕಟ್ಟುತ್ತದೆ, ಅದಕ್ಕೆ ಡಿ ಪದರ ಎನ್ನುತ್ತಾರೆ. ಮೇಲೇರುವ ಮೀಡಿಯಂ ವೇವ್ ಅಲೆಗಳನ್ನು ಅದು ಹೀರಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರಗಳನ್ನು ಮುಟ್ಟಿ, ಬಾಗಿ, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಬೆಂಗಳೂರಿನ 612 ಅಷ್ಟು ಹೊತ್ತಿಗೆ ಬೇರೆ ರಾಜ್ಯಗಳಲ್ಲೂ ಕನ್ನಡ ಮಾತಾಡುತ್ತಿರುತ್ತದೆ.

ಕೇಳುವುದರಲ್ಲೂ ಕಸುಬು ಇದೆ. ಏಷ್ಯಾ, ಯುರೋಪು, ಆಫ್ರಿಕಾಗಳಲ್ಲಿ ಮೀಡಿಯಂ ವೇವ್ ನಿಲಯಗಳ ನಡುವೆ 9 ಕಿಲೋಹರ್ಟ್ಸ್ ಅಂತರ ಇರಬೇಕೆಂಬ ಕರಾರು ಇದೆ. ಹಾಗಾಗಿ ಪ್ರತಿ ನಿಲಯದ ಸಂಖ್ಯೆಯೂ ಒಂಬತ್ತರಿಂದ ಭಾಗವಾಗುತ್ತದೆ. ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675, ಇವುಗಳ ಅಂಕಿ ಕೂಡಿಸಿ ನೋಡಿ, ಸಾಕು. ಲೆಕ್ಕಕ್ಕೆ ಬಾರದ ಜಾಗದಲ್ಲಿ ಏನಾದರೂ ಗುನುಗಿದರೆ ಅದು ಬಹುಮಟ್ಟಿಗೆ ನಿಲಯವಲ್ಲ, ಯಾರದೋ ಮನೆಯ ಅಡಾಪ್ಟರು. ಇನ್ನೊಂದು ಗುಟ್ಟು ಪೆಟ್ಟಿಗೆಯೊಳಗಿನ ಫೆರೈಟ್ ಕಡ್ಡಿಯದು. ಅದರ ತುದಿ ಯಾವ ದಿಕ್ಕಿಗೆ ನೆಟ್ಟಿರುತ್ತದೋ ಆ ದಿಕ್ಕಿನಿಂದ ಬರುವ ಸದ್ದು ಕುಗ್ಗುತ್ತದೆ. ಒಂದೇ ಜಾಗದಲ್ಲಿ ಎರಡು ನಿಲಯಗಳು ಕಲೆತುಹೋಗಿದ್ದರೆ ರೇಡಿಯೊವನ್ನು ಮೆಲ್ಲಗೆ ತಿರುಗಿಸುತ್ತಾ ಒಂದನ್ನು ಅಡಗಿಸಿ ಇನ್ನೊಂದನ್ನು ಹೊರತೆಗೆಯಬಹುದು. ಬೆರಳಷ್ಟು ತಿರುವಿಗೆ ತಮಿಳು ಹಿಂದೆ ಸರಿದು ತೆಲುಗು ಮುಂದೆ ಬರುವ ಆ ಗಳಿಗೆಯ ಖುಷಿ ನನಗೆ ಎಷ್ಟು ವರ್ಷವಾದರೂ ಮಾಸಿಲ್ಲ.

ಗೊರಗೊರದ ಮೂಲ ಹಿಡಿಯುವುದೂ ಇದೇ ಉಪಾಯದಿಂದ. ರೇಡಿಯೊ ಹಿಡಿದು ಕೋಣೆಯಿಂದ ಕೋಣೆಗೆ ನಡೆದರೆ ಪ್ರತಿ ಉಪಕರಣಕ್ಕೂ ಅದರದೇ ಸ್ವರ ಇರುವುದು ತಿಳಿಯುತ್ತದೆ. ಮೊಬೈಲ್ ಚಾರ್ಜರಿನದು ಜೀರುಂಡೆಯಂಥ ದನಿ. ವೈಫೈ ಪೆಟ್ಟಿಗೆಯ ಅಡಾಪ್ಟರಿನದು ಏರಿಳಿತವೇ ಇಲ್ಲದ ಮೊರೆತ. ಎಲ್‌ಇಡಿ ಬಲ್ಬಿನೊಳಗಿನ ಪುಟ್ಟ ಸರ್ಕ್ಯೂಟು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸುತ್ತದೆ. ಆ ತುಂಡರಿಕೆಯ ಪ್ರತಿಧ್ವನಿಗಳು ಎರಡು ಪಟ್ಟು, ಮೂರು ಪಟ್ಟು, ಹತ್ತು ಪಟ್ಟು ಎಂದು ಮೇಲೇರುತ್ತಾ ಮೀಡಿಯಂ ವೇವ್‌ಗೆ ಬಂದು ಬೀಳುತ್ತವೆ. ಒಂದು ಸುರುಳಿ, ಒಂದೆರಡು ಕೆಪಾಸಿಟರು ಹಾಕಿದರೆ ಒಳಗೇ ಉಳಿಯುವ ಕೊಳೆ ಅದು. ಅಗ್ಗದ ಬಲ್ಬು ಮಾಡುವವರು ಮೊದಲು ಬಿಡುವುದು ಅದನ್ನೇ.

ನಮ್ಮ ರೇಡಿಯೊ ಬಳಗದ ಭಾನುವಾರದ ವಾದಗಳು ಹುಟ್ಟುವುದು ಬಹುಪಾಲು ಇಲ್ಲಿಂದಲೇ. ತಾರಸಿಯ ಮೇಲೆ ಮೆಣಸಿನಕಾಯಿ ಬಜ್ಜಿ, ಕಾಫಿ, ನಡುವೆ ಬಿಚ್ಚಿಟ್ಟ ಯಾವುದೋ ಪೆಟ್ಟಿಗೆ. ನಮ್ಮಲ್ಲೊಬ್ಬರು ಮನೆಗಳ ಮೇಲೆ ಸೋಲಾರ್ ಫಲಕ ಕೂರಿಸುವ ಕೆಲಸದವರು. ಫಲಕದ ಇನ್ವರ್ಟರೂ ಇದೇ ರೀತಿ ಕರೆಂಟು ತುಂಡರಿಸುವ ಯಂತ್ರ, ಹೊತ್ತು ಏರುತ್ತಿದ್ದಂತೆ ಅದೂ ಗುಂಯ್‌ಗುಡತೊಡಗುತ್ತದೆ. ಹಾಗೆಂದು ಸೂರ್ಯನ ಕರೆಂಟು ಬೇಡವೆನ್ನಲಾದೀತೇ? ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕು ಎದ್ದು ನಿಂತಿರುವ ನಾಡು ನಮ್ಮದು. 2015ರಿಂದ ಸರ್ಕಾರವೇ ಕೋಟಿಗಟ್ಟಲೆ ಎಲ್‌ಇಡಿ ಬಲ್ಬು ಹಂಚಿದ್ದರಿಂದ ಉಳಿದ ಕರೆಂಟು ಸಣ್ಣದಲ್ಲ. ನಾನು ಹೇಳುವುದಿಷ್ಟೆ: ಬಲ್ಬು, ಇನ್ವರ್ಟರುಗಳು ಎಷ್ಟು ಕರೆಂಟು ಉಳಿಸುತ್ತವೆ ಎಂದು ಡಬ್ಬದ ಮೇಲೆ ಅಚ್ಚು ಹಾಕುವಂತೆ ಎಷ್ಟು ಗದ್ದಲ ಹೊರಬಿಡುತ್ತವೆ ಎಂದೂ ಹಾಕಲಿ. ಸೋಲಾರ್ ಗೆಳೆಯರು ಈಗ ತಾವು ಕೂರಿಸುವ ತಂತಿಗಳಿಗೆ ಫೆರೈಟ್ ಉಂಗುರ ಸುತ್ತಿಯೇ ಕೊಡುತ್ತಾರೆ. ಆಕಾಶವೂ ಊರಿನ ಕೆರೆಯ ಹಾಗೆ ಎಲ್ಲರದು ಎಂದು ನಂಬಿದವರು ಅವರು.

ಇದಕ್ಕಿಂತ ಬಿಸಿ ಏರುವುದು ಕಂಪ್ಯೂಟರಿನ ಮಾತಿಗೆ. ಬಳಗದ ಹಿರಿಯರು ಮೋರ್ಸ್ ಕಲಿತು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದ, ಲೈಸೆನ್ಸ್ ಪಡೆದವರು. 2005ರಲ್ಲಿ ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹದ ಮೂಲಕ, ಕೈಯಲ್ಲಿ ಆಂಟೆನಾ ಹಿಡಿದು ಆಕಾಶಕ್ಕೆ ತೋರಿಸುತ್ತಾ ಮಾತಾಡಿದ್ದನ್ನು ಅವರು ಹೇಳುವಾಗ ಕಣ್ಣು ಹೊಳೆಯುತ್ತದೆ. ಆ ಉಪಗ್ರಹ 2014ರವರೆಗೆ ದುಡಿಯಿತು. ಇನ್ನೊಬ್ಬಳು ಸಾಫ್ಟ್‌ವೇರ್ ಕೆಲಸದ ಹುಡುಗಿ, ಬೆಂಗಳೂರಿನ ಫ್ಲಾಟಿನಲ್ಲಿ ವಾಸ. 7 ಮೆಗಾಹರ್ಟ್ಸ್‌ಗೆ ಸರಿಯಾದ ಆಂಟೆನಾ ಕಟ್ಟಲು 20 ಮೀಟರ್ ತಂತಿ ಬೇಕು, ಅವಳಿಗಿರುವುದು ಬಾಲ್ಕನಿ. ಸುತ್ತ ನೂರಾರು ಮನೆಗಳ ಅಡಾಪ್ಟರುಗಳ ಗದ್ದಲ. ಅವಳ ಕೈ ಹಿಡಿದದ್ದು ಎಫ್‌ಟಿ8. ಪಲ್ಸಾರ್ ಸಂಶೋಧನೆಗೆ 1993ರಲ್ಲಿ ನೊಬೆಲ್ ಪಡೆದ ಜೋ ಟೇಲರ್ ಅವರು ಸ್ಟೀವ್ ಫ್ರಾಂಕೆ ಜೊತೆಗೂಡಿ 2017ರಲ್ಲಿ ಕೊಟ್ಟ, ಕಂಪ್ಯೂಟರಿನ ಮೂಲಕ ಕಿರುಸಂದೇಶ ಕಳಿಸುವ ವಿಧಾನ ಅದು. ಹದಿನೈದು ಸೆಕೆಂಡಿನ ಸರದಿ, ಎಂಟು ಸ್ವರ, 50 ಹರ್ಟ್ಸ್ ಅಗಲ. ಕಿವಿಗೆ ಬರೀ ಗೊರಗೊರ ಎನಿಸುವಲ್ಲಿ ಕಂಪ್ಯೂಟರು ಹೆಸರು ಹೆಕ್ಕುತ್ತದೆ.

"ಅಲ್ಲಮ್ಮಾ, ಇದರಲ್ಲಿ ನೀನು ಮಾತಾಡಿದ್ದೆಲ್ಲಿ? ಕಂಪ್ಯೂಟರು ಕಂಪ್ಯೂಟರಿನ ಜೊತೆ ಮಾತಾಡಿತು" ಅಂದರು ಹಿರಿಯರು.

"ಮೋರ್ಸ್‌ನಲ್ಲಿ ನೀವೂ ಬಾಯಿ ತೆರೆಯಲಿಲ್ಲವಲ್ಲ ಸಾರ್, ಬೆರಳು ಮಾತಾಡಿತು."

"ಬೆರಳು ನನ್ನದು ತಾನೇ?"

"ಬಾಲ್ಕನಿಯ ತಂತಿ ಕಟ್ಟಿದ ಬೆರಳು ನಂದೇ ಅಲ್ವಾ ಸಾರ್?"

ಇಬ್ಬರ ಮಾತೂ ನನಗೆ ಬೇಕು. ಮೋರ್ಸ್ ಕೇಳುವ ಕಿವಿಗೆ ಆಚೆ ತುದಿಯವರ ಕೈಬರಹ ಗೊತ್ತಾಗುತ್ತದೆ, ಎಫ್‌ಟಿ8ರಲ್ಲಿ ಅದು ಇಲ್ಲ. ಆದರೆ ತಾರಸಿಯ ಹಕ್ಕಿಲ್ಲದವರನ್ನು ಆಕಾಶದಿಂದ ಹೊರಗಿಡದ ವಿದ್ಯೆಗೆ ನಾನು ಎದುರಾಡಲಾರೆ. ಟಿವಿ ನೋಡಲೆಂದು ಮಾಡಿದ ಅಗ್ಗದ ಡಾಂಗಲ್ ಒಂದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಇಡೀ ಮೀಡಿಯಂ ವೇವ್ ಪಟ್ಟಿಯನ್ನು ಪರದೆಯ ಮೇಲೆ ಜಲಪಾತದಂತೆ ಇಳಿಬಿಟ್ಟು ನನಗೆ ತೋರಿಸಿದವಳು ಅವಳೇ. ಸಮದೂರದಲ್ಲಿ ನಿಂತ ಗೆರೆಗಳು ಅಡಾಪ್ಟರಿನವು, ಒಂಬತ್ತರ ಲೆಕ್ಕಕ್ಕೆ ಕೂತವು ನಿಲಯಗಳು. ಕಿವಿ ಕಲಿತಿದ್ದನ್ನು ಕಣ್ಣು ಒಪ್ಪಿತು.

ನಿಜವಾಗಿ ಮನಸ್ಸು ಕಲಕುವ ವಾದ ಬೇರೆ. ಆಕಾಶವಾಣಿಯ ಮೀಡಿಯಂ ವೇವ್ ಪ್ರೇಷಕಗಳು ಒಂದೊಂದಾಗಿ ಮುಚ್ಚುತ್ತಿವೆ. ಮುಚ್ಚಿ ಎನ್ನುವವರ ಲೆಕ್ಕ ಗಟ್ಟಿಯಾಗಿದೆ. ಹಳೆಯ ಎಎಂ ಪದ್ಧತಿಯಲ್ಲಿ ಗಟ್ಟಿ ದನಿಯ ಹೊತ್ತಿನಲ್ಲೂ ಮೂರರಲ್ಲಿ ಎರಡು ಪಾಲು ಶಕ್ತಿ ಯಾವ ಮಾತನ್ನೂ ಹೊರದ ವಾಹಕ ಅಲೆಗೆ ಹೋಗುತ್ತದೆ. ಉದ್ಘೋಷಕರು ಉಸಿರೆಳೆದುಕೊಳ್ಳುವಾಗಲೂ ದೊಡ್ಡ ನಿಲಯದಲ್ಲಿ 200 ಕಿಲೋವಾಟ್ ಉರಿಯುತ್ತಿರುತ್ತದೆ. ಡಿಜಿಟಲ್ ಪ್ರಸಾರ ಪದ್ಧತಿಯಾದ ಡಿಆರ್‌ಎಂ ಇದನ್ನು ಬಹಳಷ್ಟು ಉಳಿಸುತ್ತದೆ, ದನಿಯೂ ತಿಳಿ. ಆದರೆ ಆ ರೇಡಿಯೊ ಎಷ್ಟು ಮನೆಗಳಲ್ಲಿದೆ? ಎಎಂ ಕೇಳಲು, ನಿಲಯ ಹತ್ತಿರವಿದ್ದರೆ, ಒಂದು ತಂತಿಯ ಸುರುಳಿ, ಒಂದು ಡಯೋಡು, ಒಂದು ಇಯರ್‌ಫೋನ್ ಸಾಕು. ಬ್ಯಾಟರಿಯೂ ಬೇಡ, ಅಲೆಯೇ ತನ್ನ ದನಿಗೆ ಬೇಕಾದ ಶಕ್ತಿ ಹೊತ್ತು ತರುತ್ತದೆ. ಎಫ್‌ಎಂ ಹೆಚ್ಚುಕಡಿಮೆ ಕಣ್ಣಳತೆಯ ದೂರಕ್ಕೆ ನಿಲ್ಲುತ್ತದೆ, ಮಲೆನಾಡಿನ ಒಂದು ಗುಡ್ಡ ಅಡ್ಡ ಬಂದರೆ ಮುಗಿಯಿತು. ಮೀಡಿಯಂ ವೇವ್ ಗುಡ್ಡ ಬಳಸಿ ನೆಲ ಹಿಡಿದು ಹೋಗುತ್ತದೆ. 2004ರ ಡಿಸೆಂಬರಿನಲ್ಲಿ ಸುನಾಮಿ ಬಡಿದಾಗ ಹವ್ಯಾಸಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಹ್ಯಾಮ್ ಭಾರತಿ ಪ್ರಸಾದ್ ಅವರ ರೇಡಿಯೊ ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತ್ತು. ಅದು ಮೀಡಿಯಂ ವೇವ್ ಅಲ್ಲ, ನಿಜ, ಆದರೂ ಕಷ್ಟಕಾಲಕ್ಕೆ ಒದಗುವುದು ಇಂಥ ಹಳೆಯ, ಸರಳ, ದೂರ ಹೋಗುವ ಅಲೆಗಳೇ.

ಮೈಸೂರಿನವನಾದ್ದರಿಂದ ಈ ವಿಷಯದಲ್ಲಿ ನನಗೆ ಪಕ್ಷಪಾತ ಉಂಟು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲಿ 30 ವಾಟ್ ಪ್ರೇಷಕ ಇಟ್ಟು ಆಕಾಶವಾಣಿ ಶುರು ಮಾಡಿದ ಊರು ಇದು. ಮೂವತ್ತು ವಾಟ್ ಎಂದರೆ ಈಗಿನ ಮೂರು ಎಲ್‌ಇಡಿ ಬಲ್ಬುಗಳ ಖರ್ಚು. ದಿನವಿಡೀ 200 ಕಿಲೋವಾಟ್ ಬೇಡ ಎನ್ನುವುದನ್ನು ನಾನು ಒಪ್ಪುತ್ತೇನೆ. ಹಗಲು ಡಿಆರ್‌ಎಂ, ಡಿ ಪದರ ಕರಗಿದ ರಾತ್ರಿಯಲ್ಲಿ ಕಡಿಮೆ ಶಕ್ತಿಯ ಎಎಂ, ನೆರೆ ಬಂದ ದಿನ ಪೂರ್ಣ ಶಕ್ತಿ, ಹೀಗೆ ರಾಜ್ಯಕ್ಕೊಂದು ಕಂಬವಾದರೂ ಉಳಿಯಲಿ. ಕೇಳುವವರು ಇಲ್ಲವೆಂದು ತೀರ್ಮಾನಿಸುವ ಮುನ್ನ ರಾತ್ರಿ ಹತ್ತರ ಮೇಲೆ, ಊರಾಚೆ ಹೋಗಿ ಕೇಳಿ ನೋಡಲಿ. ಯಾವ ದಿನ ಯಾವ ನಿಲಯ ಎಷ್ಟು ತಿಳಿಯಾಗಿ ಬಂತು ಎಂದು ನಮ್ಮ ಬಳಗದವರು ಬರೆದಿಟ್ಟ ಲಾಗ್ ಪುಸ್ತಕಗಳಿವೆ. ಕೇಳಿದವರಿಗೆ ಕೊಡಲು ನಾವು ತಯಾರು.